ಬೀಮ್ ಕೆಳಗೆ ಒಬ್ಬ ಮನುಷ್ಯ

ಹಾಸ್ಟೆಲ್ ಮೆಸ್ಸಿನಲ್ಲಿ ಅವತ್ತು ಕಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದ ನಮಗೆ ಸ್ಟ್ರಕ್ಚರ್ಸ್, ಅಂದರೆ ಕಟ್ಟಡ ಭಾರ ಹೊರುವ ಲೆಕ್ಕದ ಪಾಠ, ಹೇಳುತ್ತಿದ್ದ ಸರ್ ವಾರ್ಡನ್ ಕೂಡ ಆಗಿದ್ದರು, ಹಾಗಾಗಿ ಆಗಾಗ ನಮ್ಮ ಜೊತೆಗೇ ಊಟಕ್ಕೆ ಕೂರುತ್ತಿದ್ದರು. ತಟ್ಟೆಯಲ್ಲಿದ್ದ ರೊಟ್ಟಿ ಎತ್ತಿಕೊಂಡು ಅರ್ಧ ಟೇಬಲ್ ಮೇಲೆ, ಅರ್ಧ ಹೊರಗೆ ಬರುವ ಹಾಗೆ ಇಟ್ಟರು. ಟೇಬಲ್ ಮೇಲಿದ್ದ ಅರ್ಧವನ್ನು ಅಂಗೈಯಿಂದ ಒತ್ತಿ ಹಿಡಿದು, ಹೊರಗಿನ ತುದಿಯ ಮೇಲೆ ಒಂದು ಬೆರಳಿಟ್ಟು ಅದುಮಿದರು. ಟಪ್ ಅಂತ ಮುರಿಯಿತು.

"ಬಿರುಕು ಮೊದಲ ಮ್ಯಾಲ ಬಂತೋ, ತೆಳಗ ಬಂತೋ?"

ನಾವ್ಯಾರೂ ನೋಡಿರಲಿಲ್ಲ. ಇನ್ನೊಂದು ರೊಟ್ಟಿ ತಗೊಂಡರು. ಈ ಸಲ ಐದಾರು ತಲೆ ಬಗ್ಗಿದವು. ಬಿರುಕು ಮೇಲೆ ಹುಟ್ಟಿ ಕೆಳಗೆ ಇಳಿಯಿತು. ಕಾಂಕ್ರೀಟಿನ ಬಾಲ್ಕನಿಯೂ ಹಾಗೇ. ಅದುಮಿದರೆ ಕಾಂಕ್ರೀಟ್ ಗಟ್ಟಿ, ಎಳೆದರೆ ಹರಿದುಹೋಗುತ್ತದೆ. ಎಳೆತ ತಡೆಯುವ ಶಕ್ತಿ ಅದುಮು ತಡೆಯುವ ಶಕ್ತಿಯ ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಎಳೆತ ಎಲ್ಲಿದೆಯೋ ಅಲ್ಲಿ ಕಬ್ಬಿಣ ಇರಬೇಕು. ಎರಡು ಗೋಡೆಗಳ ನಡುವಿನ ಸ್ಲ್ಯಾಬಿನಲ್ಲಿ ಎಳೆತ ಕೆಳಗೆ, ಗೋಡೆಯಿಂದ ಹೊರಗೆ ಚಾಚಿದ ಬಾಲ್ಕನಿಯಲ್ಲಿ ಮೇಲೆ. ಪುಸ್ತಕದಲ್ಲಿ ಇದೇ ಪಾಠ ಮೂರು ಪುಟ ಇತ್ತು, ಅದರಲ್ಲಿ ಇವತ್ತು ಒಂದು ಸಾಲೂ ನೆನಪಿಲ್ಲ. ರೊಟ್ಟಿ ನೆನಪಿದೆ.

ಸರ್ ಅವರದು ಇನ್ನೊಂದು ಪದ್ಧತಿ ಇತ್ತು, ನಮ್ಮ ಬ್ಯಾಚಿನವರಿಗೆಲ್ಲ ಗೊತ್ತಿರುತ್ತದೆ. ಬೀಮ್ ಇರಲಿ, ನೀರಿನ ಟ್ಯಾಂಕ್ ಇರಲಿ, ಪ್ರತಿ ಡ್ರಾಯಿಂಗಿನಲ್ಲಿ ಅದರ ಕೆಳಗೆ ಪೆನ್ಸಿಲ್‌ನಿಂದ ಒಬ್ಬ ಮನುಷ್ಯನನ್ನು ಬರೆಯಬೇಕು. ಸುಮ್ನೆ ಕಡ್ಡಿ ಮನುಷ್ಯ ಸಾಕು. ಬರೆಯದಿದ್ದರೆ ಶೀಟ್ ವಾಪಸ್. ನಾವು ಗಡಿಬಿಡಿಯಲ್ಲಿ ಒಂದು ಗೆರೆ, ಒಂದು ಸೊನ್ನೆ ಹಾಕಿ ಕೊಡುತ್ತಿದ್ದೆವು. ನಮ್ಮ ಕ್ಲಾಸಿನ ಒಬ್ಬ ಹುಡುಗಿ ಮಾತ್ರ ಕೊಡ ಹೊತ್ತ ಹೆಂಗಸು, ಕಂಕುಳಲ್ಲಿ ಕೂಸು, ಪಕ್ಕದಲ್ಲಿ ಒಂದು ಆಡು ಎಲ್ಲ ಬರೆದಿದ್ದಳು. ಸರ್ ಆ ಶೀಟನ್ನು ಬಹಳ ಹೊತ್ತು ನೋಡುತ್ತಾ ನಿಂತರು, ಏನೂ ಹೇಳಲಿಲ್ಲ.

ಯಾಕೆ ಬರೆಸುತ್ತಿದ್ದರು ಅಂತ ಮೂರನೇ ವರ್ಷ ಗೊತ್ತಾಯಿತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಇನ್ನೂ ನಾಲ್ಕು ಗಂಟೆ ಹೊಡೆದಿರಲಿಲ್ಲ, ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಕಂಪ ಆಯಿತಲ್ಲ, ಅದಾದ ಕೆಲವು ದಿನಕ್ಕೆ ಅವರು ಅಲ್ಲಿಗೆ ಹೋಗಿದ್ದರಂತೆ. ಆಳಂದ ತಾಲೂಕಿನ ನಮ್ಮ ಊರಲ್ಲೂ ಆ ಹೊತ್ತು ಮಾಡದಲ್ಲಿದ್ದ ಪಾತ್ರೆ ಉರುಳಿದ್ದವು. ಹಿಂದಿನ ದಿನವಷ್ಟೇ ಗಣಪತಿ ಕಳಿಸಿ ದಣಿದು ಮಲಗಿದ್ದೆವು. ಆಮೇಲೆ ಎಷ್ಟೋ ದಿನ ಅಂಗಳದಲ್ಲೇ ಮಲಗಿದೆವು, ಅಜ್ಜಿ ಒಳಗೆ ಹೋಗಲು ಒಪ್ಪಲೇ ಇಲ್ಲ. ಗಡಿಯ ಆಚೆ ಹತ್ತಿರ ಹತ್ತಿರ 10,000 ಜನ ಸತ್ತರು. ಅಲ್ಲಿನ ಮನೆಗಳೂ ನಮ್ಮ ಮನೆಗಳ ಹಾಗೇ. ಎರಡು ಮೂರು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ, ಮೇಲೆ ಕಟ್ಟಿಗೆ ಹಲಗೆ, ಹಲಗೆಯ ಮೇಲೆ ಮಣ್ಣಿನ ಮಾಳಿಗೆ. ಸೋರಬಾರದು ಅಂತ ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಏರಿಸುತ್ತಿದ್ದೆವು. ನಾನೂ ಅಜ್ಜನ ಜೊತೆ ಬುಟ್ಟಿ ಹೊತ್ತಿದ್ದೇನೆ. ವರ್ಷ ವರ್ಷ ತಲೆಯ ಮೇಲೆ ಭಾರ ಏರಿಸುತ್ತಿದ್ದೇವೆ ಅಂತ ಯಾರಿಗೆ ಗೊತ್ತಿತ್ತು?

ಗೋಡೆಯ ಹೊರಮುಖಕ್ಕೆ ಒಂದು ಸಾಲು ಕಲ್ಲು, ಒಳಮುಖಕ್ಕೆ ಒಂದು ಸಾಲು, ನಡುವೆ ಮಣ್ಣು ಮತ್ತು ಚೂರುಕಲ್ಲು. ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದನೆಯ ಕಲ್ಲು ಅಲ್ಲಲ್ಲಿ ಇಟ್ಟಿದ್ದರೆ ಗೋಡೆ ಅಷ್ಟು ಸುಲಭಕ್ಕೆ ಎರಡಾಗಿ ಸೀಳುತ್ತಿರಲಿಲ್ಲ, ಒಳಗಿದ್ದವರಿಗೆ ಹೊರಗೆ ಓಡಿ ಬರುವಷ್ಟಾದರೂ ಸಮಯ ಸಿಗಬಹುದಿತ್ತು. ಸರ್ ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿ, ಕೈಯಲ್ಲಿದ್ದ ಚಾಕ್ ಕೆಳಗಿಟ್ಟು ಹೇಳಿದ್ದು ಇಷ್ಟು: "ಇದು ಪುಸ್ತಕದಾಗ ಇತ್ತು. ನಮ್ಮಂಥವರಿಗೆ ಗೊತ್ತಿತ್ತು. ಗೋಡಿ ಕಟ್ಟೋ ಗೌಂಡಿಗೆ ಹೋಗಿ ಹೇಳಿದವರು ಯಾರೂ ಇರ್ಲಿಲ್ಲ."

ಅದೇ ವಾರ ವರ್ಕ್‌ಶಾಪ್ ಹಿಂದಿನ ಬೇವಿನ ಮರದ ಕೊಂಬೆಗೆ ಹಗ್ಗ ಕಟ್ಟಿಸಿದರು. ಇಬ್ಬರು ಹುಡುಗರು ಒಂದೇ ಹಗ್ಗಕ್ಕೆ ಒಬ್ಬರ ಕೆಳಗೊಬ್ಬರು ಜೋತುಬಿದ್ದರು. ಒಬ್ಬೊಬ್ಬನ ಕೈ ಮೇಲೆ ಅವನವನ ಭಾರ ಮಾತ್ರ. ಆಮೇಲೆ ಕೆಳಗಿನವನಿಗೆ, ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದು ಜೋತುಬೀಳು ಅಂದರು. ಹಗ್ಗದ ಮೇಲಿನ ಭಾರ ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ, ಆದರೆ ಮೇಲಿನವನ ಕೈ ಮೇಲೆ ಇಬ್ಬರ ಭಾರ. ಎರಡೇ ಸೆಕೆಂಡಿಗೆ ಇಬ್ಬರೂ ನೆಲಕ್ಕೆ. ಅಮೆರಿಕದ ಕಾನ್ಸಾಸ್ ಸಿಟಿಯ ದೊಡ್ಡ ಹೋಟೆಲಿನಲ್ಲಿ 1981ರ ಜುಲೈ 17ರಂದು ಆಗಿದ್ದು ಇದೇ. ಒಂದರ ಕೆಳಗೆ ಒಂದು ಎರಡು ನಡೆದಾಡುವ ಸೇತುವೆಗಳು. ಚಾವಣಿಯಿಂದ ಇಳಿದ ಒಂದೇ ಉದ್ದನೆಯ ರಾಡಿಗೆ ಎರಡೂ ಜೋತುಬೀಳಬೇಕು ಅಂತ ಮೊದಲಿನ ನಕ್ಷೆ. ಅಷ್ಟುದ್ದದ ರಾಡಿಗೆ ಥ್ರೆಡ್ ಹಾಕುವುದು ಕಷ್ಟ ಅಂತ ಅದನ್ನು ಎರಡು ತುಂಡು ಮಾಡಿದರು. ಕೆಳಗಿನ ಸೇತುವೆ ಮೇಲಿನದರ ಕಾಲು ಹಿಡಿದ ಹಾಗಾಯಿತು. ಲೆಕ್ಕ ಮತ್ತೆ ಹಾಕದೇ ಎಂಜಿನಿಯರ್ ಕಚೇರಿಯಿಂದ ಒಪ್ಪಿಗೆ ಹೋಯಿತು. ಸಂಜೆ ಡ್ಯಾನ್ಸ್ ನಡೆಯುವಾಗ ಬಿತ್ತು, 114 ಜನ ಸತ್ತರು, ಜವಾಬ್ದಾರರಾಗಿದ್ದ ಇಬ್ಬರು ಎಂಜಿನಿಯರುಗಳ ಲೈಸೆನ್ಸ್ ಹೋಯಿತು.

ಇಷ್ಟೆಲ್ಲ ಕೇಳಿ, ನೋಡಿ, ಮರಕ್ಕೆ ಜೋತುಬಿದ್ದು ಪಾಸಾದವನು ನಾನು. ಆದರೂ ತಪ್ಪಿದೆ. ಅದನ್ನು ಇಲ್ಲಿ ಬರೆಯಲೇಬೇಕು.

ಮೊದಲ ಕೆಲಸ, 2003ನೇ ಇಸವಿ, ಆಗಿನ ಗುಲ್ಬರ್ಗಾದ ಹೊರವಲಯದಲ್ಲಿ ಹುಡುಗಿಯರ ಹಾಸ್ಟೆಲ್ ಕಟ್ಟಡ. ಮೊದಲ ಮಹಡಿಗೆ ನಾಲ್ಕಡಿ ಬಾಲ್ಕನಿ. ಬೆಳಿಗ್ಗೆ ರಾಡ್ ಕಟ್ಟಿದ್ದನ್ನು ನೋಡಿದೆ. ಮೇಲೆ ಇರಬೇಕಾದದ್ದು ಮೇಲೆಯೇ ಇತ್ತು, ಟಿಕ್ ಹಾಕಿ ಸಿಮೆಂಟ್ ತರಿಸಲು ಹೋದೆ. ಮೂರು ಗಂಟೆಗೆ ವಾಪಸ್ ಬಂದಾಗ ಕಾಂಕ್ರೀಟ್ ಮುಗಿಯುತ್ತಾ ಬಂದಿತ್ತು. ಆಳುಗಳು ಬುಟ್ಟಿ ಹೊತ್ತು ಆ ರಾಡಿನ ಮೇಲೆಯೇ ಓಡಾಡಿದ್ದರು. ರಾಡ್ ಎತ್ತಿ ಹಿಡಿಯುವ ಚೇರ್ ಎಲ್ಲೂ ಇರಲಿಲ್ಲ. ಬೈಂಡಿಂಗ್ ವೈರ್ ತುಂಡೊಂದನ್ನು ಹಸಿ ಕಾಂಕ್ರೀಟಿಗೆ ಚುಚ್ಚಿದೆ. ಒಂದು ಇಂಚಿಗೆ ಸಿಗಬೇಕಾದ ರಾಡ್ ಮೂರು ಇಂಚಿಗೆ ಸಿಕ್ಕಿತು. ಐದು ಇಂಚಿನ ಸ್ಲ್ಯಾಬ್ ಅದು. ರಾಡಿನಿಂದ ತಳದವರೆಗೆ ನಾಲ್ಕು ಇಂಚು ಇರಬೇಕಾದ ಕಡೆ ಎರಡೇ ಉಳಿದಿತ್ತು. ಬಲ ಅರ್ಧಕ್ಕರ್ಧ ಹೋದ ಹಾಗೆ.

ಕಂತ್ರಾಟುದಾರರು "ಏನೂ ಆಗಂಗಿಲ್ಲ ಬಿಡ್ರಿ ಸರ್, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಾಕತ್ತೀನಿ" ಅಂದರು. ನಾನು ಸುಮ್ಮನಾದೆ. ಹೌದು, ಸುಮ್ಮನಾದೆ. ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು, ಅಪ್ಪ ನನ್ನ ಓದಿಗೆ ಮಾಡಿದ್ದ ಸಾಲ ಇನ್ನೂ ಹಾಗೇ ಇತ್ತು.

ರಾತ್ರಿ ನಿದ್ದೆ ಬರಲಿಲ್ಲ. ಹತ್ತು ಗಂಟೆ ದಾಟಿದ ಮೇಲೆ ಸರ್ ಮನೆ ಬಾಗಿಲು ಬಡಿದೆ. ಲುಂಗಿ ಬನಿಯನ್‌ನಲ್ಲೇ ಹೊರಗೆ ಬಂದು ಕಟ್ಟೆ ಮೇಲೆ ಕೂತು ಎಲ್ಲ ಕೇಳಿದರು. ಬೈಯಲಿಲ್ಲ. "ಶೀಟಿನಾಗ ತೆಳಗ ಮನುಷ್ಯನ ಬರದಿದ್ದಿಲ್ಲೋ ತಮ್ಮಾ?" ಅಂದರು ಅಷ್ಟೇ. ಮರುದಿನ ಬೆಳಿಗ್ಗೆ ನೇರ ಕಟ್ಟಡದ ಯಜಮಾನರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಪುಣ್ಯಕ್ಕೆ ಅವರು ಒಪ್ಪಿದರು. ಸೆಂಟ್ರಿಂಗ್ ಇನ್ನೂ ಬಿಚ್ಚಿರಲಿಲ್ಲ. ಒಂದು ದಿನದ ಕಾಂಕ್ರೀಟನ್ನು ಸುತ್ತಿಗೆ ಉಳಿ ಹಿಡಿದು ಒಡೆಸಿದೆವು. ನನಗೆ ಎರಡು ತಿಂಗಳ ಸಂಬಳ ಸಿಗಲಿಲ್ಲ, ಅದು ದೊಡ್ಡ ಮಾತಲ್ಲ. ಒಡೆಯುತ್ತಿದ್ದ ಗೌಂಡಿ ನಡುವೆ ಸುತ್ತಿಗೆ ನಿಲ್ಲಿಸಿ ಕೇಳಿದ್ದು ದೊಡ್ಡದು: "ಸರ್ರ, ಈ ರಾಡ್ ಮ್ಯಾಲೇ ಇರಬೇಕು, ಯಾಕ ಇರಬೇಕು ಅಂತ ನಮಗ ಹೇಳಿದ್ರ ನಾವ್ ತುಳಿತಿದ್ದೆವೇನ್ರಿ?"

ಎಂಜಿನಿಯರ್ಸ್ ಡೇ ದಿನ ಸರ್ ಹೇಳಿದ್ದ ಮೂಸಿ ನದಿಯ ವಿಷಯ ಆಗ ತಲೆಗೆ ಬಂತು. ನಮ್ಮ ಭಾಗ ನಿಜಾಮರ ಆಡಳಿತದಲ್ಲಿದ್ದ ಕಾಲ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹೈದರಾಬಾದ್ ಹಾಳಾದಾಗ ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರು ಮುಳುಗಿದ ಊರನ್ನಷ್ಟೇ ನೋಡಲಿಲ್ಲ. ನೀರು ಎಲ್ಲಿಂದ ಬಂತು ಅಂತ ನದಿಯ ಮೇಲ್ಭಾಗದವರೆಗೂ ಲೆಕ್ಕ ಹಾಕಿ, ಊರಿಗಿಂತ ಮೇಲೆಯೇ ನೀರು ತಡೆಯಿರಿ ಅಂದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹಾಗೆ ಬಂದವು. ನನ್ನ ಬಾಲ್ಕನಿಯ ತಪ್ಪು ಎಲ್ಲಿಂದ ಹರಿದು ಬಂತು ಅಂತ ನಾನೂ ಹಾಗೇ ಮೇಲೆ ಮೇಲೆ ಹುಡುಕುತ್ತಾ ಹೋದೆ. ಆಳುಗಳನ್ನು ದಾಟಿ, ಗೌಂಡಿಯನ್ನು ದಾಟಿ, ಕಂತ್ರಾಟುದಾರರನ್ನೂ ದಾಟಿ, ಕೊನೆಗೆ ಟಿಕ್ ಹಾಕಿ ಹೊರಟುಹೋದ ನನ್ನ ಹತ್ತಿರವೇ ಬಂದು ನಿಂತೆ.

ಆ ಮಧ್ಯಾಹ್ನ ಊಟಕ್ಕೆ ಕೂತಾಗ ಗೌಂಡಿ, ಆಳುಗಳ ಬುತ್ತಿಯಿಂದಲೇ ಒಂದು ಕಡಕ್ ರೊಟ್ಟಿ ಕೇಳಿ ಇಸಕೊಂಡೆ. ಇಟ್ಟಿಗೆ ರಾಶಿಯ ಅಂಚಿಗೆ ಇಟ್ಟು ಒತ್ತಿದೆ. ಬುಟ್ಟಿ ಹೊರುವ ಹೆಂಗಸರೂ ಎದ್ದು ಬಂದು ನೋಡಿದರು. ಅವರಲ್ಲಿ ಒಬ್ಬ ಅವ್ವ "ಇನ್ನೊಮ್ಮಿ ಮಾಡ್ರಿ" ಅಂದಳು. ಎರಡನೇ ಸಲ ಕಾಂಕ್ರೀಟ್ ಹಾಕಿದಾಗ ರಾಡಿನ ಕೆಳಗೆ ಚೇರ್ ಇಟ್ಟು, ಓಡಾಡಲು ಹಲಗೆ ಹಾಸಿದ್ದೆವು. ಹಲಗೆ ಬಿಟ್ಟು ಕಾಲಿಟ್ಟವರನ್ನು ಆ ಅವ್ವನೇ ಗದರಿಸುತ್ತಿದ್ದಳು.

ಸರ್ ರಿಟೈರ್ ಆದ ಮೇಲೆ ಒಮ್ಮೆ ಇಬ್ಬರೂ ಬೀದರಿಗೆ ಹೋಗಿದ್ದೆವು. ನೌಬಾದಿನ ಸುರಂಗ ಬಾವಿ ನೋಡುವುದು ಅವರ ಬಹಳ ವರ್ಷದ ಆಸೆ. ಬಹಮನಿಗಳ ಕಾಲದಲ್ಲಿ ಪರ್ಷಿಯಾದ ಪದ್ಧತಿಯಲ್ಲಿ ಕೆಂಪು ಕಲ್ಲನ್ನು ಕೊರೆದು, ನೀರು ತಾನೇ ಹರಿಯುವಷ್ಟು ಇಳಿಜಾರು ಕೊಟ್ಟು, ನೆಲದೊಳಗೆ ಎರಡು ಕಿಲೋಮೀಟರಿಗೂ ಜಾಸ್ತಿ ಕಾಲುವೆ ತೋಡಿದ್ದಾರೆ. ಅಲ್ಲಲ್ಲಿ ಮೇಲಿನಿಂದ ನೇರ ಇಳಿಯುವ ಬಾವಿಗಳಿವೆ. ಸರ್ ಒಂದು ಬಾವಿಯ ಕಟ್ಟೆಯ ಮೇಲೆ ಕೂತು ಒಳಗೆ ಇಣುಕಿದರು. ಗಾಳಿಯೂ ಇದರಲ್ಲೇ ಬರಬೇಕು, ಮಣ್ಣೂ ಇದರಲ್ಲೇ ಮೇಲೆ ಹೋಗಬೇಕು, ಹೂಳು ತೆಗೆಯಲು ಇಳಿದವನೂ ಇದರಲ್ಲೇ ಉಸಿರಾಡಬೇಕು. ಐನೂರು ವರ್ಷದ ಹಿಂದೆ ಒಳಗೆ ಇಳಿಯುವವನನ್ನು ನೆನೆಸಿ ಕಟ್ಟಿದ್ದಾರೆ, ನಾವು ಈಗ ಒಳಚರಂಡಿ ಕಟ್ಟುವಾಗ ಯಾರನ್ನು ನೆನೆಸುತ್ತೇವೆ ಅಂತ ಕೇಳಿದರು. ಮ್ಯಾನ್‌ಹೋಲಿಗೆ ಮನುಷ್ಯನನ್ನು ಹಾಗೇ ಬರಿಗೈಯಲ್ಲಿ ಇಳಿಸಬಾರದು ಅಂತ 2013ರಲ್ಲೇ ಕಾನೂನು ಬಂದಿದೆ. ಆದರೂ ಉಸಿರುಗಟ್ಟಿ ಸತ್ತ ಸುದ್ದಿ ಪೇಪರಿನಲ್ಲಿ ನಿಂತಿಲ್ಲ. ಮಷಿನ್ ಹೋಗದಷ್ಟು ಇಕ್ಕಟ್ಟಾದ ಓಣಿಯಲ್ಲಿ ಪೈಪ್ ಹಾಕುವ ನಕ್ಷೆಗೂ ಒಬ್ಬ ಎಂಜಿನಿಯರ್ ಸಹಿ ಇರುತ್ತದೆ. ನನ್ನ ಈಗಿನ ಕೆಲಸ ಒಳಚರಂಡಿಯದೇ. ಅವತ್ತಿನಿಂದ ಪೈಪಿನ ಕೆಳಗಲ್ಲ, ಮ್ಯಾನ್‌ಹೋಲಿನ ಒಳಗೆ ಮನುಷ್ಯನನ್ನು ಬರೆಯುತ್ತೇನೆ. ಬರೆದ ಮೇಲೆ ಅವನನ್ನು ಅಲ್ಲಿಂದ ತೆಗೆಯಲು ಏನೇನು ಬದಲಾಯಿಸಬೇಕು ಅಂತ ಕೂರುತ್ತೇನೆ. ಕೆಲವು ಸಲ ಇಡೀ ಲೈನನ್ನೇ ಬೇರೆ ಓಣಿಗೆ ತಿರುಗಿಸಬೇಕಾಗುತ್ತದೆ, ಖರ್ಚು ಏರುತ್ತದೆ, ಮೀಟಿಂಗಿನಲ್ಲಿ ಜಗಳ ಆಗುತ್ತದೆ. ಆಗಲಿ.

ಅವತ್ತು ಸುತ್ತಿಗೆ ನಿಲ್ಲಿಸಿ ಪ್ರಶ್ನೆ ಕೇಳಿದ ಗೌಂಡಿಗೆ ಈಗ ಅರವತ್ತು ದಾಟಿದೆ. ಮಗ ಕಂತ್ರಾಟು ಹಿಡಿಯುತ್ತಾನೆ. ಎಲ್ಲೇ ಬಾಲ್ಕನಿ ಇರಲಿ, ಸಜ್ಜಾ ಇರಲಿ, ಕಾಂಕ್ರೀಟ್ ಹಾಕುವ ಹಿಂದಿನ ದಿನ ಅಪ್ಪನೇ ನನಗೆ ಫೋನ್ ಮಾಡುತ್ತಾನೆ. ಹೋದ ವಾರವೂ ಮಾಡಿದ್ದ. "ಸರ್ರ, ಸೇಡಂ ರೋಡಿನಾಗ ಒಂದು ಮನಿ ನಡದದ. ರಾಡ್ ಮ್ಯಾಲೇ ಅವ, ಚೇರ್ ಇಟ್ಟೀವಿ, ಹುಡುಗರಿಗೆ ರೊಟ್ಟಿ ಮುರದು ತೋರ್ಸೀನಿ. ಆದ್ರೂ ಮುಂಜಾನಿ ಒಮ್ಮಿ ಬಂದು ನೋಡಿ ಹೋಗ್ರಿ."

ಹೋಗಿ ನೋಡಿಬಂದೆ.