ಟೈರ್ ಅಂಗಡಿಯ ಗನ್ನು, ನಿಮ್ಮ ಕಾರಿನ ಸ್ಟಡ್ಡು

ಹೊಸ ಟೈರ್ ಹಾಕಿಸಿದ ಮರುದಿನ ಸ್ಟೇರಿಂಗ್ ನಡುಗಿದರೆ ಎಲ್ಲರೂ ಮೊದಲು ಬೈಯುವುದು ಬ್ಯಾಲೆನ್ಸಿಂಗನ್ನು. ಅದೇ ಆಗಿದ್ದರೆ ಒಳ್ಳೆಯದು, ಮತ್ತೊಮ್ಮೆ ಮಾಡಿಸಿದರೆ ಮುಗಿಯಿತು. ಆದರೆ ಬ್ಯಾಲೆನ್ಸಿಂಗ್ ತಪ್ಪಿದ ನಡುಕ ಸಾಮಾನ್ಯವಾಗಿ 80 ಕಿ.ಮೀ. ವೇಗದ ಆಸುಪಾಸಿನಲ್ಲಿ ಶುರುವಾಗುತ್ತದೆ. ಗಾಡಿ 20–30ರಲ್ಲಿ ಹೋಗುವಾಗಲೇ ಚಕ್ರದಿಂದ ಟಕ್ ಟಕ್ ಸದ್ದು ಬಂದು ಸ್ಟೇರಿಂಗ್ ಓಲಾಡಿದರೆ ಮೊದಲು ನಟ್ಟಿನ ಮೇಲೆ ಅನುಮಾನಪಡಿ. ಅಲ್ಲೇ ಬದಿಗೆ ನಿಲ್ಲಿಸಿ. ಮನೆ ಇನ್ನೆರಡೇ ಕಿಲೋಮೀಟರ್ ಅನ್ನುವ ಲೆಕ್ಕ ಬೇಡ. ಸಡಿಲ ನಟ್ಟಿನಲ್ಲಿ ಓಡಿದರೆ ರಿಮ್ಮಿನ ತೂತು ಮೊಟ್ಟೆಯಂತೆ ಹಿಗ್ಗುತ್ತದೆ, ನಟ್ಟು ಕೂರುವ ಕಂಬಿ, ಅಂದರೆ ಸ್ಟಡ್ಡು, ಸವೆಯುತ್ತದೆ. ಹಾಗಾದ ರಿಮ್ಮನ್ನು ಮತ್ತೆ ಬಿಗಿದು ಓಡಿಸುವಂತಿಲ್ಲ, ಬದಲಿಸಲೇಬೇಕು.

ಸಡಿಲಕ್ಕಿಂತ ಹೆಚ್ಚಾಗಿ ಕಾಣುವ ತೊಂದರೆ ಅತಿ ಬಿಗಿಯದು. ಕಾರಣ ನಟ್ಟು ಬಿಗಿಯಲು ಬಳಸುವ ಗಾಳಿ ಒತ್ತಡದ ಗನ್. ಹೊಂಡಾ ಸಿಟಿಯ ವೀಲ್ ನಟ್ಟಿಗೆ ಬೇಕಾದ ಬಿಗಿ 108 ನ್ಯೂಟನ್ ಮೀಟರ್, ಕೊರೊಲಾಕ್ಕೆ 103, ಪೋಲೊದ ಬೋಲ್ಟಿಗೆ 120. ನಿಮ್ಮ ಕಾರಿನ ಅಂಕಿ ಅದರ ಕೈಪಿಡಿಯಲ್ಲೇ ಇರುತ್ತದೆ. 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯನ್ನು 40 ಕಿಲೋ ಬಲದಲ್ಲಿ ಒತ್ತಿದರೆ ಸುಮಾರು 100 ಆಗುತ್ತದೆ. 70 ಕಿಲೋ ತೂಕದವರು ಅದರ ಮೇಲೆ ಹತ್ತಿ ನಿಂತರೆ 170. ಅರ್ಧ ಇಂಚಿನ ಗನ್ನಿಗೆ 500 ದಾಟುವುದೂ ಕಷ್ಟವಲ್ಲ. ಹುಡುಗ ಟ್ರಿಗರ್ ಒತ್ತಿ ಕಟಕಟಕಟ ಅನ್ನಿಸುತ್ತಾ ನಿಂತಷ್ಟು ಹೊತ್ತೂ ಸ್ಟಡ್ಡು ರಬ್ಬರಿನಂತೆ ಎಳೆದುಕೊಳ್ಳುತ್ತಿರುತ್ತದೆ. ಒಂದು ಮಿತಿ ದಾಟಿದ ಮೇಲೆ ಅದು ಹಿಂದಿನ ಅಳತೆಗೆ ಬರುವುದಿಲ್ಲ. ಅವತ್ತು ತುಂಡಾಗದಿದ್ದರೂ ಮುಂದಿನ ಸಲ ಬಿಚ್ಚುವಾಗ ಕೈಗೆ ಬರುತ್ತದೆ. ರಾತ್ರಿ ಹೈವೇಯಲ್ಲಿ ಪಂಕ್ಚರ್ ಆದಾಗ ಡಿಕ್ಕಿಯಲ್ಲಿರುವ ಗಿಡ್ಡ ಸ್ಪ್ಯಾನರಿಗೆ ಆ ನಟ್ಟು ಜಗ್ಗುವುದೂ ಇಲ್ಲ.

ಇದಕ್ಕಿಂತ ಕೆಟ್ಟದ್ದು ನಟ್ಟನ್ನು ಗನ್ನಿನ ಸಾಕೆಟ್ಟಿಗೇ ಸಿಕ್ಕಿಸಿಕೊಂಡು ಸೀದಾ ಸ್ಟಡ್ಡಿಗೆ ಹೊಡೆಯುವುದು. ನಟ್ಟು ಒಂಚೂರು ಓರೆಯಾಗಿ ಕೂತರೂ ಗನ್ನು ಅದನ್ನು ಥ್ರೆಡ್ (ನಟ್ಟು ತಿರುಗುವ ಸುರುಳಿ ಗೆರೆ) ಕೊಯ್ದುಕೊಂಡೇ ಒಳಗೆ ಒಯ್ಯುತ್ತದೆ. ಪ್ರತಿ ನಟ್ಟನ್ನೂ ಬರಿಗೈಯಲ್ಲಿ ಕನಿಷ್ಠ ಎರಡು ಮೂರು ಸುತ್ತು ಹಾಕಬೇಕು. ಕೈಯಲ್ಲಿ ತಿರುಗದಿದ್ದರೆ ಬಿಚ್ಚಿ, ಒರೆಸಿ, ಮತ್ತೆ ಹಾಕಬೇಕು. ಅಂಗಡಿಯಲ್ಲಿ ನಿಂತು ನೀವು ನೋಡಬೇಕಾದ್ದು ಒಂದೇ ಅಂದರೆ ನಾನು ಇದನ್ನೇ ಹೇಳುವುದು. ಒಂದು ನಟ್ಟು ಉಳಿದವುಗಳಿಗಿಂತ ಎರಡು ಮೂರು ಮಿಲಿಮೀಟರ್ ಹೊರಗೆ ನಿಂತಿದ್ದರೆ, ಥ್ರೆಡ್ಡಿನಲ್ಲಿ ಹೊಳೆಯುವ ಕಬ್ಬಿಣದ ಎಳೆ ಕಂಡರೆ, ಕೆಲಸ ಕೆಟ್ಟಿದೆ ಎಂದೇ ತಿಳಿಯಿರಿ.

ರಿಪೇರಿಯ ಖರ್ಚು ಕಾರಿನ ಮೇಲೆ ನಿಂತಿದೆ. ಮಾರುತಿ, ಹ್ಯುಂಡೈ, ಹೊಂಡಾ, ಟೊಯೊಟಾದಲ್ಲಿ ಚಕ್ರ ಕೂರುವ ಹಬ್‌ನಿಂದ ಸ್ಟಡ್ಡು ಹೊರಚಾಚಿರುತ್ತದೆ. ಕ್ಯಾಲಿಪರ್, ಡಿಸ್ಕ್ ಬಿಚ್ಚಿ ಹಳೆಯ ಸ್ಟಡ್ಡನ್ನು ಹಿಂದಕ್ಕೆ ನೂಕಿ ಹೊಸದನ್ನು ಪ್ರೆಸ್ ಮಾಡಿದರಾಯಿತು. ಕೆಲವು ಮಾಡೆಲ್‌ಗಳಲ್ಲಿ ಹಿಂದೆ ಜಾಗ ಸಾಲದೆ ಹಬ್ಬನ್ನೇ ಇಳಿಸಬೇಕಾಗುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ಸ್ಟಡ್ಡಿಲ್ಲ, ಬೋಲ್ಟು ನೇರವಾಗಿ ಹಬ್ಬಿಗೆ ಹೋಗುತ್ತದೆ. ಅಲ್ಲಿ ಥ್ರೆಡ್ ಹೋದರೆ ಹಬ್ಬೇ ಹೋದಂತೆ. ಬಿಲ್ಲು ಬೇರೆಯೇ ಮಟ್ಟಕ್ಕೆ ಏರುತ್ತದೆ. ಸ್ವಲ್ಪವೇ ಪೆಟ್ಟಾದ ಥ್ರೆಡ್ಡಿಗೆ ಟ್ಯಾಪ್ ಅಥವಾ ಡೈ (ಥ್ರೆಡ್ ಕೊಯ್ಯುವ ಉಪಕರಣ) ಓಡಿಸಿ ಸರಿಮಾಡಬಹುದು. ಆದರೆ ಅಳತೆ ಗೊತ್ತಿರಬೇಕು. ಸುಜುಕಿಯದು ಎಂ12 (12 ಮಿ.ಮೀ. ದಪ್ಪ), 1.25 ಪಿಚ್ (ಗೆರೆಯಿಂದ ಗೆರೆಗೆ ಇರುವ ಮಿ.ಮೀ. ಅಂತರ), ಹ್ಯುಂಡೈ, ಹೊಂಡಾದ್ದು ಎಂ12, 1.5. ನಟ್ಟು ಕಳೆದುಹೋದಾಗ ಅಂಗಡಿಯವರು ಡಬ್ಬದಿಂದ ಒಂದನ್ನು ಹುಡುಕಿ ಕೊಡುತ್ತಾರಲ್ಲ, ಎಡವಟ್ಟಾಗುವುದು ಅಲ್ಲೇ. ರಿಮ್ಮಿಗೆ ತಾಗುವ ನಟ್ಟಿನ ಮೂತಿಯನ್ನೂ ನೋಡಿ. ಹೊಂಡಾದ ಕಂಪನಿ ರಿಮ್ಮಿಗೆ ಗುಂಡು ಮೂತಿ ಬೇಕು, ಹೊರಗೆ ಸಿಗುವ ಅಲಾಯ್‌ಗಳಲ್ಲಿ ಹೆಚ್ಚಿನವಕ್ಕೆ ಕೋನದ ಮೂತಿ. ಅದಲುಬದಲಾದರೆ ನಟ್ಟು ಕೂದಲೆಳೆಯಷ್ಟು ಜಾಗದಲ್ಲಿ ಮಾತ್ರ ಕೂತು ದಿನ ಕಳೆದಂತೆ ಸಡಿಲವಾಗುತ್ತದೆ.

ಇನ್ನು ಜಾಕ್. ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ತಗಡು ಕೂಡಿ ಕೆಳಕ್ಕೆ ಚಾಚಿದ ತುಟಿಯೊಂದಿದೆ. ಅದರಲ್ಲಿ ಮುಂದಿನ ಚಕ್ರದ ಹಿಂದೆ, ಹಿಂದಿನ ಚಕ್ರದ ಮುಂದೆ ಎರಡೆರಡು ಕಚ್ಚು ಗುರುತು ಇರುತ್ತವೆ. ಆ ಎರಡರ ನಡುವೆ ಮಾತ್ರ ಒಳಗಿನಿಂದ ಬಲ ಕೊಟ್ಟಿರುವುದು. ಟ್ರಾಲಿ ಜಾಕಿನ ಬರೀ ಕಬ್ಬಿಣದ ಬಟ್ಟಲನ್ನು ಬೇರೆಲ್ಲೋ ಕೊಟ್ಟು ಎತ್ತಿದರೆ ತುಟಿ ಮಡಚುತ್ತದೆ, ಪೇಂಟ್ ಬಿರುಕು ಬಿಡುತ್ತದೆ. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿ, ಮಳೆಗೆ ಅಲ್ಲಿಂದಲೇ ತುಕ್ಕು ಹೊರಡುತ್ತದೆ. ಟಿಂಕರಿಂಗ್‌ನವರು ನೆಟ್ಟಗೆ ಮಾಡಿಕೊಟ್ಟರೆ ಸಾಲದು. ಉಜ್ಜಿ, ಎಪಾಕ್ಸಿ ಪ್ರೈಮರ್ ಹೊಡೆದು, ಸೀಲರ್ ತುಂಬಿ, ಮೇಲೆ ಅಂಡರ್‌ಬಾಡಿ ಕೋಟಿಂಗ್ ಕೊಡಿಸಿ. ಎಲೆಕ್ಟ್ರಿಕ್ ಕಾರಿನ ಹೊಟ್ಟೆಯಡಿ ಬ್ಯಾಟರಿ ಇರುತ್ತದೆ. ಜಾಕ್ ಅದಕ್ಕೆ ತಾಗಿದ ಗುರುತು ಕಂಡರೆ ಯಾರ ಕೈಯಲ್ಲೂ ಸುತ್ತಿಗೆ ಹಿಡಿಸಬೇಡಿ, ಸೀದಾ ಕಂಪನಿ ವರ್ಕ್‌ಶಾಪಿಗೆ ಒಯ್ದು ಪರೀಕ್ಷೆ ಮಾಡಿಸಿ.

ಟೈರನ್ನು ರಿಮ್ಮಿನಿಂದ ಬಿಡಿಸುವ ಮೆಷಿನ್ನಿನ ಸಲಿಕೆ ಗಾಳಿ ತುಂಬುವ ವಾಲ್ವಿನ ಪಕ್ಕಕ್ಕೆ ಒತ್ತಿದರೆ, ಒಳಗಿರುವ ಗಾಳಿ ಒತ್ತಡದ ಸೆನ್ಸರ್ ಮುರಿಯುತ್ತದೆ. ನಿಮ್ಮ ಕಾರಿಗೆ ಸೆನ್ಸರ್ ಇದ್ದರೆ ಕೆಲಸ ಶುರುವಾಗುವ ಮೊದಲೇ ಹೇಳಿ. ಸೋಪಿನ ನೀರು ಹಚ್ಚದೆ ಎಳೆದರೆ ಟೈರಿನ ಅಂಚಿನ ರಬ್ಬರ್ ಹರಿದು ಗಾಳಿ ಮೆಲ್ಲಗೆ ಇಳಿಯುತ್ತದೆ. ಅಂಚು ಹರಿದ ಟೈರಿಗೆ ಪ್ಯಾಚ್ ಇಲ್ಲ. ಬಾಣದ ಗುರುತಿರುವ ಟೈರನ್ನು ತಿರುಗಾಮುರುಗಾ ಹಾಕಿರುವುದನ್ನು ಹೊರಡುವ ಮೊದಲು ಒಂದು ಸುತ್ತು ಬಂದರೆ ಸಾಕು, ಕಾಣುತ್ತದೆ.

ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟಿನಲ್ಲಿ ಮರೆತುಹೋಗುವುದು ಟೈ ರಾಡಿನ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ಲಾಕ್ ನಟ್. ಅದನ್ನು ಬಿಗಿಯದೆ ಬಿಟ್ಟರೆ ಕಂಪ್ಯೂಟರ್ ಹಸಿರು ತೋರಿಸಿದ ಅಳತೆ ಒಂದು ವಾರವೂ ಉಳಿಯುವುದಿಲ್ಲ. ಮೊದಲಿನ ಮತ್ತು ನಂತರದ ಅಂಕಿ ಎರಡೂ ಇರುವ ಪ್ರಿಂಟ್ ಕೇಳಿ ಪಡೆಯಿರಿ.

ಹಾನಿ ಕಣ್ಣಿಗೆ ಬಿದ್ದರೆ ಗಾಡಿ ಅಂಗಡಿ ಮುಂದೆ ಇರುವಾಗಲೇ ಮಾತಾಡಿ. ಗೇಟು ದಾಟಿದ ಮೇಲೆ "ಮೊದಲೇ ಹಾಗಿತ್ತು ಸಾರ್" ಅನ್ನುವ ಉತ್ತರ ಸಿದ್ಧವಿರುತ್ತದೆ. ನಂಬರ್ ಪ್ಲೇಟು, ಅಂಗಡಿ ಬೋರ್ಡು, ಹಾಳಾದ ಭಾಗ ಮೂರೂ ಬರುವಂತೆ ಒಂದೇ ವಿಡಿಯೊ ಮಾಡಿ. ಹುಡುಗನ ಮೇಲೆ ರೇಗಬೇಡಿ, ಓನರನ್ನು ಕರೆಸಿ. ಓರೆಯಾಗಿ ಕೂತ ನಟ್ಟನ್ನು ಅದೇ ಗನ್ನಿನಲ್ಲಿ ಬಿಚ್ಚಲು ಬಿಡಬೇಡಿ. ಬಿಲ್ಲಿನ ಮೇಲೆ ಏನಾಗಿದೆ ಎಂದು ಒಂದು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಬಿಲ್ಲೇ ಬೇಡ, ನೂರು ರೂಪಾಯಿ ಕಡಿಮೆ ಮಾಡುತ್ತೇವೆ ಅಂದರೆ ಒಪ್ಪಬೇಡಿ. ಆಮೇಲೆ ನೀವು ಅಲ್ಲಿಗೆ ಹೋಗಿದ್ದಿರಿ ಅನ್ನುವುದಕ್ಕೇ ಪುರಾವೆ ಉಳಿಯುವುದಿಲ್ಲ.

ಅವರು ಒಪ್ಪದಿದ್ದರೆ ಕಂಪನಿ ಸರ್ವಿಸ್ ಸೆಂಟರಿನಿಂದ ಖರ್ಚಿನ ಎಸ್ಟಿಮೇಟ್ ಮಾಡಿಸಿ. ಹಾನಿಯ ಕಾರಣವನ್ನೂ ಅದರಲ್ಲೇ ಬರೆಸಿ. 15 ದಿನ ಗಡುವು ಕೊಟ್ಟು ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕ ರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಸೇವಾ ನ್ಯೂನತೆ ಎಂದು ಜಿಲ್ಲಾ ಆಯೋಗಕ್ಕೆ ಹೋಗಬಹುದು. ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು, ವಕೀಲರು ಕಡ್ಡಾಯವಲ್ಲ, ಘಟನೆ ನಡೆದು ಎರಡು ವರ್ಷದೊಳಗೆ ಹಾಕಬೇಕು. ಇನ್ಶೂರೆನ್ಸಿನ ಕಡೆ ನಾನಂತೂ ನೋಡುವುದಿಲ್ಲ. ಎರಡು ಸ್ಟಡ್ಡಿನ ಕ್ಲೇಮಿಗೆ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ದಡ್ಡತನ.

ರಿಪೇರಿಯಾದ ಮೇಲೆ 80–100 ಕಿ.ಮೀ. ಓಡಿಸಿ, ಚಕ್ರ ತಣ್ಣಗಿರುವಾಗ ಟಾರ್ಕ್ ರೆಂಚಿನಲ್ಲಿ (ಬಿಗಿ ಅಳೆಯುವ ಸ್ಪ್ಯಾನರ್) ಎಲ್ಲ ನಟ್ಟುಗಳನ್ನೂ ಎದುರುಬದುರಿನ ಕ್ರಮದಲ್ಲಿ ಮತ್ತೊಮ್ಮೆ ನೋಡಿ. ಬಿಚ್ಚಿದ ಹಳೆಯ ಸ್ಟಡ್ಡು, ನಟ್ಟುಗಳನ್ನು ಸರ್ವಿಸ್ ಸೆಂಟರಿನವರು ಗುಜರಿ ಡಬ್ಬಕ್ಕೆ ಹಾಕುವ ಮೊದಲೇ ಕೇಳಿ ಇಸಿದುಕೊಂಡು, ತಾರೀಕು, ಮೀಟರ್ ರೀಡಿಂಗ್ ಬರೆದ ಕವರಿನಲ್ಲಿ ಹಾಕಿಡಿ. ಆಯೋಗದ ಮುಂದೆ ಫೋಟೊದ ಜೊತೆ ಅದನ್ನೂ ತೋರಿಸಬೇಕಾಗಬಹುದು.