ವಾಲ್‌ಫ್ಲವರ್ ಅಂದರೆ ನಾಚಿಕೆ ಸ್ವಭಾವದವರು ಅಂತಲೇನಾ?

ನಾನು ಇಂಗ್ಲಿಷ್ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: "ಯಾರ ಜೊತೆಗೂ ಬೆರೆಯದೆ ಮೂಲೆಯಲ್ಲಿ ಕೂರುವವರನ್ನು ವಾಲ್‌ಫ್ಲವರ್ ಅಂತಾರಲ್ಲ, ಅಂಥ ಹೂವು ನಿಜವಾಗಲೂ ಇದೆಯಾ? ನಾಚಿಕೆಗೂ ಅದಕ್ಕೂ ಏನು ಸಂಬಂಧ?"

ಹೂವು ಇದೆ. ಸಾಸಿವೆ ಕುಟುಂಬದ್ದು. ಹೊಲದಲ್ಲಿ ಸಾಸಿವೆ ಹೂ ನೋಡಿದ್ದೀರಲ್ವಾ, ನಾಲ್ಕೇ ಎಸಳು? ಇದಕ್ಕೂ ಅಷ್ಟೇ, ಆದರೆ ಸ್ವಲ್ಪ ದೊಡ್ಡದು. ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಬಣ್ಣಗಳಲ್ಲಿ ಬಿಡುತ್ತದೆ. ಮೂಲ ದಕ್ಷಿಣ ಯೂರೋಪು. ಇಂಗ್ಲೆಂಡಿನಲ್ಲಿ ಪಾಳುಬಿದ್ದ ಕೋಟೆಗಳ ಗೋಡೆಯಲ್ಲಿ, ಕಲ್ಲುಸಂದಿಯ ಹಳೇ ಗಾರೆಯೊಳಗೆ ಬೇರು ಬಿಟ್ಟು ಬೆಳೆಯುತ್ತದೆ. ಅದಕ್ಕೇ 'ಗೋಡೆ ಹೂ'. ಒಂದು ಹಿಡಿ ಮಣ್ಣಿಲ್ಲದ ಜಾಗದಲ್ಲಿ, ಗಾಳಿಗೆ ಮೈಯೊಡ್ಡಿ, ಘಮ್ಮೆಂದು ಅರಳುವ ಗಿಡ. ನಾಚಿಕೆ ಎಲ್ಲಿದೆ ಹೇಳಿ!

ಮನುಷ್ಯರಿಗೆ ಈ ಹೆಸರು ಅಂಟಿದ್ದು ಬಾಲ್ ನೃತ್ಯದ, ಅಂದರೆ ಗಂಡು ಹೆಣ್ಣು ಜೊತೆಯಾಗಿ ಕುಣಿಯುವ ಕೂಟದ, ಸಭಾಂಗಣದಲ್ಲಿ. ನಡುವೆ ಕುಣಿತ, ಗೋಡೆಯುದ್ದಕ್ಕೂ ಕುರ್ಚಿ. ಹುಡುಗಿ ತಾನಾಗಿ ಹೋಗಿ ಹುಡುಗನನ್ನು ಕುಣಿಯಲು ಕರೆಯುವಂತಿರಲಿಲ್ಲ. ಅವನೇ ಬಂದು ಕೇಳಬೇಕು. ಮುಂದೆ ಪುಟ್ಟ ಕಾರ್ಡೊಂದು ಬಂತು, ಅದಕ್ಕೆ ದಾರದಲ್ಲಿ ಕಟ್ಟಿದ ಚಿಕ್ಕ ಪೆನ್ಸಿಲ್. ಯಾವ ಕುಣಿತಕ್ಕೆ ಯಾರು ಜೊತೆ ಅಂತ ಹೆಸರು ಬರೆಯುವುದಕ್ಕೆ. ಕಾರ್ಡು ಖಾಲಿ ಉಳಿದವಳು ಗೋಡೆ ಪಕ್ಕ ಕೂತೇ ಇರಬೇಕು. ಅವಳೇ ವಾಲ್‌ಫ್ಲವರ್. ಈ ಅರ್ಥದಲ್ಲಿ ಪದ ಮೊದಲು ಕಾಣಿಸುವುದು 1820ರಲ್ಲಿ, ಪ್ರೇಡ್ ಎಂಬ ಇಂಗ್ಲಿಷ್ ಕವಿಯ ಬಾಲ್ ನೃತ್ಯದ ಕವಿತೆಯೊಂದರಲ್ಲಿ.

ಅಂದರೆ ಆ ಹುಡುಗಿಗೆ ಕುಣಿಯುವ ಆಸೆ ಬೇಕಾದಷ್ಟು ಇದ್ದಿರಬಹುದು. ಯಾರೂ ಕರೆಯಲಿಲ್ಲ, ಅಷ್ಟೇ. ಬರುಬರುತ್ತಾ "ಯಾರೂ ಕರೆಯಲಿಲ್ಲ" ಅನ್ನುವುದು ಮರೆತುಹೋಯಿತು, "ಪಾಪ, ಅವಳಿಗೆ ನಾಚಿಕೆ ಜಾಸ್ತಿ" ಅನ್ನುವುದು ಉಳಿಯಿತು. ಕರೆಯದವರ ತಪ್ಪನ್ನು ತಂದು ಕೂತವಳ ತಲೆಗೆ ಕಟ್ಟಿದ ಹಾಗಾಯಿತು. ಇದನ್ನು ಹೇಳುವಾಗ ನನಗೆ ಪ್ರತಿ ಸಲವೂ ಬೇಜಾರಾಗುತ್ತದೆ.

ತೀರಾ ನಾಚಿಕೆಯವರಿಗೆ 'ಶ್ರಿಂಕಿಂಗ್ ವಯೊಲೆಟ್', ಅಂದರೆ ಮುದುಡಿಕೊಳ್ಳುವ ವಯೊಲೆಟ್ ಹೂ, ಅನ್ನುವ ಇನ್ನೊಂದು ಮಾತಿದೆ. ಅದು ಹೂವಿಗೆ ಒಪ್ಪುತ್ತದೆ. ನೇರಳೆ ಬಣ್ಣದ ವಯೊಲೆಟ್ ಎಲೆಗಳ ಮಧ್ಯೆ ಅವಿತು, ತಲೆ ತಗ್ಗಿಸಿಯೇ ಅರಳುತ್ತದೆ.

"ಕನ್ನಡದಲ್ಲಿ ಏನನ್ನೋಣ?" ಅಂತಲೂ ಕೇಳುತ್ತಾರೆ. ನನಗೆ ನೆನಪಾಗುವುದು ದಾರಿಬದಿಯ ಮುಟ್ಟಿದರೆ ಮುನಿ. ಬೆರಳು ತಾಗಿಸಿದರೆ ಸಾಕು, ಎಲೆಗಳು ಜೋಡಿಜೋಡಿಯಾಗಿ ಮಡಚಿಕೊಳ್ಳುತ್ತವೆ, ತೊಟ್ಟು ಸುಮ್ನೆ ಕೆಳಗೆ ಜೋತುಬೀಳುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಅಮೆರಿಕ ಖಂಡದಿಂದ ಬಂದ ಈ ಗಿಡಕ್ಕೆ ಲ್ಯಾಟಿನ್ನಿನಲ್ಲಿ ಪುಡಿಕಾ, ಅಂದರೆ ನಾಚುವವಳು, ಅಂತ ಹೆಸರಿಟ್ಟರು. ನಮ್ಮಲ್ಲೂ ನಾಚಿಕೆ ಮುಳ್ಳು ಅನ್ನುವವರಿದ್ದಾರೆ. ಮಡಚುವ ಎಲೆ ಒಂದೇ. ಅದರಲ್ಲಿ ಒಬ್ಬರು ನಾಚಿಕೆ ಕಂಡರು, ಇನ್ನೊಬ್ಬರು ಮುನಿಸು ಕಂಡರು.

ಖಾಲಿ ಕಾರ್ಡು ಹಿಡಿದು ಗೋಡೆ ಪಕ್ಕ ಕೂತಿದ್ದಳಲ್ಲ, ಅವಳದೂ ಮುನಿಸೇ ಇದ್ದಿರಬಹುದು.