ಬಕೆಟ್ಟಿನ ತಳದಲ್ಲಿ ಉಳಿದ ಹುರುಳಿ

ಸಂಜೆ ಐದರ ಫೀಡ್‌ನಲ್ಲಿ ಬೇಯಿಸಿದ ಹುರುಳಿ ಅರ್ಧ ಸೇರಿನಷ್ಟು ಬಕೆಟ್ಟಿನಲ್ಲೇ ಉಳಿದಿತ್ತು. ಹುರುಳಿಯ ವಾಸನೆಗೇ ಬಾಗಿಲು ಒದೆಯುವ ಗೆಲ್ಡಿಂಗ್ (ಬೀಜ ತೆಗೆದ ಗಂಡು ಕುದುರೆ) ಅದು. ಮಧ್ಯಾಹ್ನ ಜಂಪಿಂಗ್ ಕ್ಲಾಸ್ ಜೋರಾಗಿತ್ತು, ದಣಿದಿರಬೇಕು ಅಂದುಕೊಂಡು ಶೀಟಿನಲ್ಲಿ ಟಿಕ್ ಹಾಕಿದೆ. ಆ ಟಿಕ್ ಇವತ್ತಿಗೂ ಚುಚ್ಚುತ್ತದೆ.

ಒಂಬತ್ತೂವರೆಯ ರೌಂಡಿನಲ್ಲಿ ಅದು ಮುಂಗಾಲಿನಿಂದ ನೆಲ ಕೆರೆಯುತ್ತಾ, ಕತ್ತು ತಿರುಗಿಸಿ ಎಡಪಕ್ಕೆಯನ್ನೇ ನೋಡುತ್ತಿತ್ತು. ಅದು ನಿಲ್ಲುವ ಬಾಕ್ಸಿನಲ್ಲಿ ಲದ್ದಿ ಬೆಳಗ್ಗೆಯಿಂದ ಎರಡೇ ಗುಡ್ಡೆ, ಅದೂ ಗಟ್ಟಿ ಗಟ್ಟಿ ಉಂಡೆ, ಮೇಲೆ ಲೋಳೆ. ಆರೋಗ್ಯವಾಗಿರುವ ಕುದುರೆ ದಿನಕ್ಕೆ 8ರಿಂದ 12 ಸಲ ಲದ್ದಿ ಹಾಕುತ್ತದೆ. ದವಡೆಯಡಿ ಬೆರಳಿಟ್ಟು ಎಣಿಸಿದರೆ 15 ಸೆಕೆಂಡಿಗೆ 13 ಬಡಿತ, ನಿಮಿಷಕ್ಕೆ 52. ಸುಮ್ಮನೆ ನಿಂತ ಕುದುರೆಗೆ 28ರಿಂದ 44 ಇರಬೇಕು. ಜ್ವರವಿಲ್ಲ, 38 ಡಿಗ್ರಿ. ಎಡಪಕ್ಕೆಗೆ ಸ್ಟೆತಸ್ಕೋಪ್ ಇಟ್ಟರೆ ಸದ್ದೇ ಇಲ್ಲ. ಕರುಳು ಗುಡುಗುಟ್ಟುವುದಕ್ಕಿಂತ ಮೌನವಾಗಿರುವುದೇ ಹೆಚ್ಚು ಅಪಾಯ.

ವೆಟ್ (ಪಶುವೈದ್ಯರು) ಫೋನ್ ಎತ್ತಲಿಲ್ಲ. ಕುದುರೆ ನೋಡಿಕೊಳ್ಳುವ ಹಿರಿಯ ಸೈಸ್ ಒಬ್ಬರು ಬಾಯಿಗೆ ಔಷಧಿ ಹೊಯ್ಯುವ ಗೊಟ್ಟ, ಎಣ್ಣೆ ಹಿಡಿದು ಬಂದರು. ಬೇಡವೆಂದೆ, ಅದು ಸರಿಯೇ. ಬಾಯಿಂದ ಹೊಯ್ದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ, ಕಾಲಿಕ್‌ನಿಂದ (ಹೊಟ್ಟೆನೋವಿನಿಂದ) ಉಳಿದ ಕುದುರೆ ನ್ಯುಮೋನಿಯಾಕ್ಕೆ ಹೋಗುತ್ತದೆ. ಆದರೆ ಕಪಾಟಿನಲ್ಲಿದ್ದ ನೋವಿನ ಇಂಜೆಕ್ಷನ್ ಫ್ಲುನಿಕ್ಸಿನ್ ಅನ್ನು ಯಾರನ್ನೂ ಕೇಳದೆ ಕೊಟ್ಟೆ. ಇಪ್ಪತ್ತು ನಿಮಿಷದಲ್ಲಿ ಕೆರೆಯುವುದು ನಿಂತಿತು, ತಲೆ ತಗ್ಗಿಸಿ ನಿಂತುಕೊಂಡಿತು. ಸರಿಹೋಯಿತು ಅಂದುಕೊಂಡೆ. ವೆಟ್‌ಗೆ ಮತ್ತೆ ಫೋನ್ ಮಾಡಲೂ ಇಲ್ಲ, ನಾಡಿ ಎಣಿಸಲೂ ಇಲ್ಲ. ಕುದುರೆ ಬೆವರತೊಡಗಿದಾಗ ಮತ್ತೆ ಬೆರಳಿಟ್ಟೆ: 64. ವಸಡು ಒತ್ತಿಬಿಟ್ಟರೆ ಬಣ್ಣ ಎರಡು ಸೆಕೆಂಡಿನೊಳಗೆ ಮರಳಬೇಕು, ಮೂರು ದಾಟುತ್ತಿತ್ತು. ಇಂಜೆಕ್ಷನ್ ನೋವನ್ನಷ್ಟೇ ಮುಚ್ಚಿತ್ತು. ಒಳಗಿನ ತಡೆ ಹಾಗೇ ಇತ್ತು, ಮುಕ್ಕಾಲು ಗಂಟೆ ಕೈಬಿಟ್ಟು ಹೋಗಿತ್ತು.

ಈ ಸಲ ವೆಟ್ ಸಿಕ್ಕರು. ಅವರು ಬರುವವರೆಗೆ ಹುಲ್ಲು ತೆಗೆದು, ಹತ್ತು ನಿಮಿಷ ನಡೆಸಿ, ನಿಲ್ಲಿಸಿ, ಮತ್ತೆ ನಡೆಸಿದೆವು. ಹೊರಳಾಡದಂತೆ ನೋಡಿಕೊಳ್ಳಲು ಅಷ್ಟು ಸಾಕು. ಗಂಟೆಗಟ್ಟಲೆ ಓಡಿಸಿದರೆ ಕುದುರೆ ಸುಸ್ತಾಗುತ್ತದೆ, ಕಟ್ಟಿಕೊಂಡದ್ದು ಸಡಿಲವಾಗುವುದಿಲ್ಲ. ಅವರು ಬಂದವರೇ ಔಷಧಿಯ ಹೆಸರು, ಕೊಟ್ಟ ಹೊತ್ತು, ಪ್ರಮಾಣ ಕೇಳಿದರು. ಹೊತ್ತು ಅಂದಾಜಿನಲ್ಲಿ ಹೇಳಿದೆ, ಬರೆದಿಟ್ಟಿರಲಿಲ್ಲ. ಮೂಗಿನಿಂದ ಟ್ಯೂಬ್ ಇಳಿಸಿ, ಹೊಟ್ಟೆಯಿಂದ ದ್ರವ ವಾಪಸ್ ಬರುತ್ತದೆಯೇ ಎಂದು ಮೊದಲು ನೋಡಿದರು. ಕುದುರೆಗೆ ವಾಂತಿಯಾಗುವುದಿಲ್ಲ, ತುಂಬಿದ ಹೊಟ್ಟೆಗೆ ಮತ್ತೆ ಸುರಿದರೆ ಒಡೆದೇ ಹೋಗಬಹುದು. ದ್ರವ ಬರಲಿಲ್ಲ. ಗುದದ್ವಾರದಿಂದ ಕೈ ಹಾಕಿ ನೋಡಿದಾಗ ಎಡಗಡೆ ದೊಡ್ಡ ಕರುಳು ತಿರುಗಿ ಸಪೂರವಾಗುವ ಜಾಗದಲ್ಲಿ ಮೇವು ಕಟ್ಟಿಕೊಂಡಿರುವುದು ಕೈಗೆ ಸಿಕ್ಕಿತು. ಟ್ಯೂಬಿನಲ್ಲೇ ನೀರು, ಎಪ್ಸಮ್ ಸಾಲ್ಟ್. ಲದ್ದಿ ಬಿದ್ದದ್ದು ಮರುದಿನ ಮಧ್ಯಾಹ್ನ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ಆ ವಾರ ಕಂಟ್ರಾಕ್ಟರ್ ಬದಲಾಗಿ, ರೋಡ್ಸ್ ಹುಲ್ಲಿನ ಜಾಗಕ್ಕೆ ಒಂದೇ ದಿನದಲ್ಲಿ ಒರಟು ಒಣಹುಲ್ಲು ಬಂದಿತ್ತು. ಮೇವು ಬದಲಿಸಲು 7ರಿಂದ 10 ದಿನ ಬೇಕು, ಹಳೆಯದರಲ್ಲಿ ಹೊಸದನ್ನು ಸ್ವಲ್ಪ ಸ್ವಲ್ಪವೇ ಬೆರೆಸುತ್ತಾ. ಜೊತೆಗೆ ಆಳು ಉಳಿಸಲೆಂದು ಮ್ಯಾನೇಜ್‌ಮೆಂಟ್ ನೀರಿನ ಬಕೆಟ್ ತೆಗೆದು ಆಟೋಮ್ಯಾಟಿಕ್ ಬಟ್ಟಲು ಹಾಕಿಸಿದೆ. 450 ಕಿಲೋ ಕುದುರೆಗೆ ದಿನಕ್ಕೆ 25 ಲೀಟರಿಗೆ ಕಮ್ಮಿಯಿಲ್ಲದಂತೆ ನೀರು ಬೇಕು. ಎಷ್ಟು ಕುಡಿಯಿತೆಂದು ಬಕೆಟ್ ನೋಡಿದರೆ ತಿಳಿಯುತ್ತಿತ್ತು, ಬಟ್ಟಲಿನಲ್ಲಿ ಏನೂ ತಿಳಿಯದು. ಹೊಸ ಆ್ಯಪ್‌ನಲ್ಲೂ ‘ಫೀಡ್ ಕೊಟ್ಟಾಯಿತೇ’ ಎಂಬ ಕಾಲಂ ಇದೆ, ‘ಎಷ್ಟು ಉಳಿಯಿತು’ ಎಂಬುದಿಲ್ಲ.

ಸೈಸ್ ಕೆಲಸಕ್ಕೆ ಹುಡುಗರನ್ನು ತೆಗೆದುಕೊಳ್ಳುವಾಗ ಸ್ಯಾಡಲ್ ಕಟ್ಟಲು, ಗೊರಸು ಕೆರೆಯಲು, ಮಾಲೀಸು ಮಾಡಲು ಬರುತ್ತದೆಯೇ ಎಂದು ಕೇಳುತ್ತಾರೆ. ನಾಡಿ ಎಣಿಸಿ ತೋರಿಸು ಅನ್ನುವವರಿಲ್ಲ. ರೇಸ್ ಕೋರ್ಸ್ ಸ್ಟೇಬಲ್ಲಾಗಲಿ, ಮೈಸೂರಿನ ಅಶ್ವಾರೋಹಿ ದಳವಾಗಲಿ, ರಾತ್ರಿ ಪಾಳಿಯಲ್ಲಿ ಕುದುರೆಯ ಹತ್ತಿರ ಇರುವುದು ಸೈಸ್, ವೆಟ್ ಅಲ್ಲ.

ಈಗ ನಮ್ಮಲ್ಲಿ ಪ್ರತಿ ಬಾಕ್ಸಿನ ಬಾಗಿಲಿಗೂ ಒಂದು ಸ್ಲೇಟು: ಲದ್ದಿ ಎಷ್ಟು ಸಲ, ನೀರು ಎಷ್ಟು ಬಕೆಟ್, ಬಿಟ್ಟ ಫೀಡ್ ಎಷ್ಟು. ಔಷಧಿ ಕಪಾಟಿನ ಬೀಗದ ಕೈ ವೆಟ್ ಹೇಳದೆ ಹೊರಗೆ ಬರುವುದಿಲ್ಲ. ಬಟ್ಟಲುಗಳ ವಾಲ್ವನ್ನು ರಾತ್ರಿ ಬಂದ್ ಮಾಡಿ, ಎರಡೆರಡು ಬಕೆಟ್ ತುಂಬಿಸಿ ಇಡುತ್ತೇವೆ. ಇದಕ್ಕೆ ಮೇಲಿನವರ ಒಪ್ಪಿಗೆ ಇನ್ನೂ ಬಂದಿಲ್ಲ.